ಡಾಕ್ಟರಿಗೆ ಕೇಳ್ರಿ: ಕೊರೊನಾದಾಗ ನಿಂತ ಕ್ಯಾನ್ಸರ್ ಟೆಸ್ಟ್ ಈಗಾದ್ರೂ ಮಾಡಿಸ್ರಿ

ಪ್ರಶ್ನೆ: ಡಾಕ್ಟ್ರೇ, 2020ರ ಫೆಬ್ರುವರಿಯಾಗ ನಮ್ಮಪ್ಪಗ ಗಲ್ಲದ ಒಳಗ ಬಿಳಿ ಕಲೆ, ಅದರ ಮ್ಯಾಲ ಸಣ್ಣ ಹುಣ್ಣು ಆಗಿತ್ತು. ಕಲಬುರಗಿಗೆ ಹೋಗಿ ಬಯಾಪ್ಸಿ (ಸಣ್ಣ ತುಂಡು ತಗದು ಮಾಡೋ ಟೆಸ್ಟ್) ಮಾಡಿಸ್ರಿ ಅಂತ ಚೀಟಿ ಬರದು ಕೊಟ್ಟಿದ್ರು. ಹೋಗೋಣ ಅನ್ನೋದ್ರಾಗ ಲಾಕ್‌ಡೌನ್ ಬಿತ್ತು, ಬಸ್ ಇಲ್ಲ, ಆಮ್ಯಾಲ ದವಾಖಾನಿಗೆ ಹೋದ್ರ ಕೊರೊನಾ ಹತ್ತತದ ಅಂತ ಅಪ್ಪನೇ ಒಲ್ಲೆ ಅಂದ. ದೀಪಾವಳಿ ಮುಗಿಸಿ ಹೋಗೋದ್ರಾಗ ಕುತ್ತಿಗ್ಯಾಗ ಗಂಟು ಬಂದಿತ್ತು, ಮರುವರ್ಷ ತೀರಿಕೊಂಡ. ಜುಲುಮಿ ಮಾಡಿ ಆಗಲೇ ಕರ್ಕೊಂಡು ಹೋಗಿದ್ರ ಉಳೀತಿದ್ನೇನು ಅಂತ ಇವತ್ತಿಗೂ ನಿದ್ದಿ ಬರಲ್ರಿ.
ಓದುಗರು, ಸೇಡಂ ತಾಲ್ಲೂಕು

ಉತ್ತರ: ಒಬ್ಬ ಮನುಷ್ಯನ ಬಗ್ಗೆ ಉಳೀತಿದ್ರು ಅಂತಾಗ್ಲಿ, ಉಳೀತಿರಲಿಲ್ಲ ಅಂತಾಗ್ಲಿ ಯಾವ ಡಾಕ್ಟರೂ ಆಣಿ ಮಾಡಿ ಹೇಳಕ್ಕಾಗಂಗಿಲ್ರಿ. ತಡ ಆದ್ರ ನಷ್ಟ ಅದ, ಅದನ್ನ ಮುಚ್ಚಿಡಂಗಿಲ್ಲ. ಕ್ಯಾನ್ಸರ್ ಟ್ರೀಟ್‌ಮೆಂಟ್ ನಾಲ್ಕು ವಾರ ತಡ ಆದ್ರ ಸಾವಿನ ಅಪಾಯ ನೂರಕ್ಕ 6ರಿಂದ 13ರಷ್ಟು ಏರ್ತದ ಅಂತ 2020ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ ಬಂದದ. ಆದ್ರ ಆ ತಡ ನೀವೊಬ್ರೇ ಮಾಡಿದ್ದಲ್ಲ. ಆ ದಿನ ಸ್ವಲ್ಪ ನೆನಪು ಮಾಡ್ಕೋರ್ರಿ, ದೇಶದಾಗ ಕೊರೊನಾದಿಂದ ಮೊದಲ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್ 10ಕ್ಕ, ಆ ಸುದ್ದಿ ಬಂದಿದ್ದೇ ಇಲ್ಲಿ ಮಂದಿ ಎಷ್ಟು ಹೆದರಿದ್ರು ಅಂದ್ರ ದವಾಖಾನಿ ಹೆಸರು ತಗದ್ರೂ ನಡುಗ್ತಿದ್ರು, ಮಾರ್ಚ್ 25ಕ್ಕ ಇಡೀ ದೇಶನೇ ಬಂದ್ ಆಯ್ತು. ದೇಶದ 41 ಕ್ಯಾನ್ಸರ್ ಸೆಂಟರ್‌ಗಳ ಲೆಕ್ಕ ತಗದು ಮಾಡಿದ ಒಂದು ಅಧ್ಯಯನ 2021ರಾಗ ಲ್ಯಾನ್ಸೆಟ್ ಆಂಕಾಲಜಿ ಅನ್ನೋ ವೈದ್ಯಕೀಯ ಪತ್ರಿಕೆಯೊಳಗ ಬಂತು. 2020ರ ಮಾರ್ಚ್‌ನಿಂದ ಮೇ ತನಕ ಹೊಸ ಪೇಷಂಟ್‌ಗಳು ಹಿಂದಿನ ವರ್ಷಕ್ಕಿಂತ ನೂರಕ್ಕ 54ರಷ್ಟು ಕಮ್ಮಿ, ದೊಡ್ಡ ಆಪರೇಷನ್ 49ರಷ್ಟು ಕಮ್ಮಿ, ಬಯಾಪ್ಸಿಯಂಥ ಲ್ಯಾಬ್ ಟೆಸ್ಟ್ 38ರಷ್ಟು ಕಮ್ಮಿ. ಕ್ಯಾನ್ಸರ್ ಏನು ಅರ್ಧಕ್ಕ ಇಳಿದಿತ್ತೇನ್ರಿ? ಮಂದಿ ಗಂಟು, ಹುಣ್ಣು ಇಟ್ಕೊಂಡು ಮನ್ಯಾಗ ಕೂತಿದ್ರು, ನಿಮ್ಮಪ್ಪನಂಗ. ಬಸ್ ಇರಲಿಲ್ಲ, ಅಪ್ಪ ಒಪ್ಪಲಿಲ್ಲ, ಆದ್ರೂ ನೀವು ಕರ್ಕೊಂಡು ಹೋದ್ರಿ. ಅದನ್ನೂ ಲೆಕ್ಕಕ್ಕ ಹಿಡೀರಿ.

ಈಗ ನಿಮ್ಮ ಕೈಯಾಗ ಇರೋದು ಹೇಳ್ತೀನಿ. ಮನ್ಯಾಗ ಗುಟ್ಕಾ, ತಂಬಾಕು ತಿನ್ನೋರು ಇದ್ರ ಬೆಳಕಿನಾಗ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಚ್ಚಿ, ಹೆಬ್ಬೆಟ್ಟಿನಿಂದ ಗಲ್ಲ ಹೊರಗ ಎಳದು ನೋಡ್ರಿ. ಗುಟ್ಕಾ ಒತ್ತರಿಸಿ ಇಟ್ಕೊಳ್ಳೋ ಜಾಗ, ಕೆಳಗಿನ ವಸಡಿನ ಸಂದಿ, ನಾಲಿಗಿ ಬುಡ ಪೂರ್ತಿ ನೋಡ್ರಿ. ಬಿಳಿ ಇಲ್ಲಾ ಕೆಂಪು ಕಲೆ, ಮೂರು ವಾರ ಆದ್ರೂ ಮಾಯದ ಹುಣ್ಣು, ರೊಟ್ಟಿ ಜೊತಿ ಖಾರ ಹತ್ತಿದ್ರ ಬಾಯಿ ಉರಿಯೋದು, ತಮ್ಮವೇ ಮೂರು ಬೆರಳು ಒಂದರ ಮ್ಯಾಲ ಒಂದು ಹಿಡದು ಬಾಯಾಗ ಹೋಗದಂಗ ಆಗೋದು, ಇದ್ರಾಗ ಒಂದಿದ್ರೂ ಸಾಕು, ತೋರಿಸ್ರಿ. ನೋವಿಲ್ಲಲ್ಲ ಅಂತ ಬಿಡಬ್ಯಾಡ್ರಿ, ಶುರುವಾತಿನಾಗ ನೋವು ಇರಂಗಿಲ್ಲ, ಮಂದಿ ಮೋಸ ಹೋಗೋದೇ ಅಲ್ಲಿ.

ಪ್ರಶ್ನೆ: ಕೊರೊನಾ ಲಸಿಕೆ ತಗೊಂಡ್ರ ಕ್ಯಾನ್ಸರ್ ಬರ್ತದ ಅಂತ ವಾಟ್ಸಾಪ್‌ನಾಗ ಬಂದದ, ಖರೇನಾ?
ಓದುಗರು, ಹುಮನಾಬಾದ್

ಉತ್ತರ: ಖರೇ ಅಲ್ಲ. ಲಸಿಕೆಯಿಂದ ಕ್ಯಾನ್ಸರ್ ಬರ್ತದ ಅನ್ನೋದಕ್ಕ ಪುರಾವೆ ಇಲ್ಲ. ಸೂಜಿ ಹಾಕಿದ ಕಡಿ ಬಗಲಾಗ ಸಣ್ಣ ಗಂಟು ಆಗಿ ಕೆಲವು ವಾರದಾಗ ಇಳಿಯೋದುಂಟು. ಇಳೀಲಿಲ್ಲ ಅಂದ್ರ, ಇಲ್ಲಾ ಎದಿಯಾಗೇ ಗಂಟು ಇದ್ರ, ಲಸಿಕೆ ಮ್ಯಾಲ ಹಾಕಿ ಸುಮ್ಮನ ಕೂಡಬ್ಯಾಡ್ರಿ.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್, ಕೀಮೋ ನಡದದ. ಊರಾಗ ಮತ್ತ ಜ್ವರ ಕೆಮ್ಮು ಭಾಳ ಆಗ್ಯಾವ. ಮುಂದಿನ ಡೋಸ್ ಒಂದ್ ತಿಂಗಳು ಮುಂದ ಹಾಕೋಣೇನ್ರಿ?
ಓದುಗರು, ಭಾಲ್ಕಿ

ಉತ್ತರ: ಮನ್ಯಾಗ ಕೂತು ಮುಂದ ಹಾಕಬ್ಯಾಡ್ರಿ. ಕೊರೊನಾ ಟೈಮಿನಾಗೂ ಡಾಕ್ಟರ್‌ಗಳು ಕೆಲವರಿಗೆ ಡೋಸ್ ಮುಂದ ಹಾಕಿದ್ರು, ಕೆಲವರಿಗೆ ಗುಳಿಗಿ ಕೊಟ್ರು, ಆದ್ರ ಅದು ರೋಗ ನೋಡಿ, ರಿಪೋರ್ಟ್ ನೋಡಿ ಮಾಡಿದ್ದು. ಫೋನ್ ಹಚ್ಚಿ ಕೇಳ್ರಿ. ಸೋಂಕು ತಡಿಯೋ ಬಿಳಿ ರಕ್ತಕಣ ಭಾಳ ಸಲ ಕೀಮೋ ಆದ ಒಂದು ವಾರದಿಂದ ಎರಡು ವಾರದ ನಡುವ ಭಾಳ ಇಳೀತಾವ, ಆ ದಿನದಾಗ ಲಗ್ನ, ಜಾತ್ರಿ, ಸಂತಿ ಬ್ಯಾಡ, ಹೊರಗ ಹೋಗಬೇಕಾದ್ರ ಮಾಸ್ಕ್ ಇರ್ಲಿ, ಮನಿಯೊಳಗ ಯಾರಿಗಾದ್ರೂ ನೆಗಡಿ ಇದ್ರ ಅವ್ರು ಬ್ಯಾರೆ ಕೋಣ್ಯಾಗ ಮಲಗ್ಲಿ. ಥರ್ಮಾಮೀಟರ್ ಒಂದು ತಂದಿಟ್ಕೋರ್ರಿ. 100.4 ದಾಟಿತು ಅಂದ್ರ ರಾತ್ರಿ ಎಷ್ಟು ಗಂಟಿ ಆಗಿರ್ಲಿ, ಜ್ವರದ ಗುಳಿಗಿ ನುಂಗಿಸಿ ಮುಂಜಾನಿ ನೋಡೋಣ ಅನ್ನದಂಗ ಸೀದಾ ಎಮರ್ಜೆನ್ಸಿಗೆ ಹೋಗಿ, ಕೀಮೋ ನಡದದ ಅಂತ ಮೊದಲೇ ಹೇಳ್ರಿ.

ಪ್ರಶ್ನೆ: ನಮ್ಮತ್ತಿಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು, ಈಗ ಮತ್ತ ರಕ್ತ ಕಾಣ್ತದ. ಕೊರೊನಾದಾಗ ನಮ್ಮ ಮಾವ ದವಾಖಾನ್ಯಾಗೇ ತೀರಿಕೊಂಡ್ರು, ಅವತ್ತಿಂದ ಅವ್ರು ದವಾಖಾನಿ ಮೆಟ್ಟಲು ಹತ್ತಲ್ಲ ಅಂತಾರ. ರೊಕ್ಕದ ಚಿಂತಿನೂ ಅದ.
ಓದುಗಳು, ಶಹಾಪುರ

ಉತ್ತರ: ತಂಗಿ, ಇದಕ್ಕ ಮುಂದಿನ ಅಮಾಸಿ ತನಕ ಕಾಯಬ್ಯಾಡ, ಇದೇ ವಾರ ಹೋಗ್ರಿ. ಮುಟ್ಟು ನಿಂತ ಮ್ಯಾಲ ಒಂದು ಹನಿ ರಕ್ತ ಕಂಡ್ರೂ ನೋಡಿಸ್ಬೇಕು. ಎಲ್ಲಾ ಸಲ ಕ್ಯಾನ್ಸರ್ ಇರಂಗಿಲ್ಲ, ಆದ್ರ ಗರ್ಭಕೋಶದ ಕ್ಯಾನ್ಸರ್ ಶುರುವಿಗೇ ಸಿಗೋದು ಹಿಂಗೇ. ಅತ್ತಿಯವರ ಹೆದರಿಕಿಗೆ ಕಾರಣ ಅದ, ಬೈದು ಕರ್ಕೊಂಡು ಹೋಗಬ್ಯಾಡ. ಇವತ್ತು ಬರೇ ತಪಾಸಣಿ, ಸಂಜಿಗೆ ಮನಿಗೆ ಬರ್ತೀವಿ ಅಂತ ಹೇಳು, ಒಳಗ ಪೂರ್ತಿ ಹೊತ್ತು ಕೈ ಹಿಡಕೊಂಡು ಕೂಡು. ಯಾದಗಿರಿ ಸರ್ಕಾರಿ ಮೆಡಿಕಲ್ ಕಾಲೇಜಿನ ದವಾಖಾನಿಯಾಗ ಲೇಡಿ ಡಾಕ್ಟರ್ ಬೇಕು ಅಂತ ಕೇಳು. ಮುಂದಿನ ಟ್ರೀಟ್‌ಮೆಂಟ್ ಬೇಕಾದ್ರ ಕಲಬುರಗಿಯಾಗೇ ಕಿದ್ವಾಯಿ ಕ್ಯಾನ್ಸರ್ ಸೆಂಟರ್ ಅದ, ಮೊದಲೇ ಬೆಂಗಳೂರು, ಹೈದರಾಬಾದ್ ಅಂತ ಓಡಬ್ಯಾಡ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಟ್ರೀಟ್‌ಮೆಂಟ್ ಖರ್ಚು ಸಿಗ್ತದ, ರೇಷನ್ ಕಾರ್ಡ್, ಆಧಾರ್ ಜೊತಿಗಿರ್ಲಿ, ಸರ್ಕಾರಿ ದವಾಖಾನಿಯ ರೆಫರಲ್ ಚೀಟಿ ಮರೀಬ್ಯಾಡ. ನಿನಗ 30 ದಾಟಿದ್ರ ಅದೇ ದಿನ ನಿಂದೂ ಗರ್ಭಕಂಠದ ಟೆಸ್ಟ್ ಮಾಡಿಸ್ಕೋ.