ಟೈಪ್ 1 ಶುಗರ್ ಇದೆ, ಶಾಲೆಯಲ್ಲಿ ಊಟಕ್ಕೆ ಯಾರೂ ಜೊತೆ ಕೂರುವುದಿಲ್ಲ. ಏನು ಮಾಡಲಿ?

ತಂಗಿ, ನೀನು ತುಮಕೂರಿನ ಹತ್ತಿರ 9ನೇ ಕ್ಲಾಸ್ ಓದುತ್ತಿರುವುದು, ಹೋದ ವರ್ಷ ಶುಗರ್ ಅಂತ ಗೊತ್ತಾಗಿದ್ದು, ಆಮೇಲೆ ಗೆಳತಿಯರು ದೂರ ಆಗಿದ್ದು ಎಲ್ಲಾ ಓದಿದೆ. ನನಗೂ ಅದೇ ಕಾಯಿಲೆ, ಏಳನೇ ಕ್ಲಾಸಿನಿಂದ. ಓದಿದ್ದು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ.

ನನಗೆ ಒಂಟಿ ಅನ್ನಿಸುತ್ತಿದ್ದದ್ದು ದಿನವಿಡೀ ಅಲ್ಲ, ಊಟದ ಬೆಲ್ ಆದ ಮೇಲೆ. ಎಲ್ಲರೂ ತಟ್ಟೆ ಹಿಡಿದು ಬಿಸಿಯೂಟದ ಸಾಲಿಗೆ ಓಡುತ್ತಿದ್ದರು. ನಾನು ಬ್ಯಾಗ್ ತಗೊಂಡು ಸ್ಟಾಫ್ ರೂಮಿಗೆ ಹೋಗಿ, ಶುಗರ್ ನೋಡಿಕೊಂಡು, ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಂಡು, ಕಾದು ಬರುವಷ್ಟರಲ್ಲಿ ಜಗಲಿಯ ಮೇಲೆ ಗುಂಪುಗಳು ಕೂತಾಗಿರುತ್ತಿದ್ದವು. ಯಾರೂ ಬೇಡ ಅಂದಿರಲಿಲ್ಲ. ಜಾಗ ಇರುತ್ತಿರಲಿಲ್ಲ, ಅಷ್ಟೇ. ನಿನ್ನ ಪ್ರಶ್ನೆಯಲ್ಲೂ ಊಟದ ಹೊತ್ತೇ ಮತ್ತೆ ಮತ್ತೆ ಬಂದಿದೆ, ಅಲ್ವಾ?

ಅದಕ್ಕೇ ಮೊದಲು ಟೈಮ್ ಸರಿಮಾಡಿಕೋ. ನಿನ್ನದು ರೆಗ್ಯುಲರ್ ಇನ್ಸುಲಿನ್ ಆದರೆ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ತಗೊಳ್ಳಬೇಕು. ಬೇಗ ಕೆಲಸ ಮಾಡುವ ಬಗೆಯದಾದರೆ ಹತ್ತು ಹದಿನೈದು ನಿಮಿಷ ಮುಂಚೆ. ಯಾವುದಾದರೂ ಅದು ಬರುವುದು ಊಟಕ್ಕಿಂತ ಮುಂಚಿನ ಪಿರಿಯಡ್ಡಿನಲ್ಲಿ. ಆ ಟೀಚರ್ ಒಪ್ಪಿದರೆ ಬೆಂಚಿನಲ್ಲೇ ತಗೊಳ್ಳಬಹುದು, ಬೆಲ್ ಆದಾಗ ನೀನೂ ಎಲ್ಲರ ಜೊತೆ ಎದ್ದು ಹೋಗಬಹುದು. ಟೈಮ್ ಬದಲಿಸುವ ಮುಂಚೆ ಡಾಕ್ಟರನ್ನು ಕೇಳು. ತಗೊಂಡ ಮೇಲೆ ಊಟ ತಡ ಆಗಬಾರದು, ಅದನ್ನೂ ಟೀಚರ್‌ಗೆ ಹೇಳಿರು. ಡಾಕ್ಟರ್ ಬರೆದುಕೊಟ್ಟ ಚೀಟಿ ಹಿಡಿದು ಅಪ್ಪನೋ ಅಮ್ಮನೋ ಹೆಡ್‌ಮಾಸ್ಟರ್ ಹತ್ತಿರ ಹೋಗಲಿ. ಟೈಪ್ 1 ಇರುವ ಮಕ್ಕಳಿಗೆ ಕ್ಲಾಸ್ ನಡೆಯುವಾಗಲೂ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತಗೊಳ್ಳಲು, ತಿಂಡಿ ತಿನ್ನಲು ಬಿಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಹಾಗಾಗಿ ಅಂಗಲಾಚಿ ಕೇಳಬೇಕಿಲ್ಲ.

ಎಲ್ಲರೂ ನೋಡುತ್ತಾರೆ ಅಂತ ನಿನಗೆ ಭಯ. ಕೆಲವು ದಿನ ನೋಡುತ್ತಾರೆ. ನೋವಾಗುತ್ತಾ, ನಮಗೂ ಅಂಟುತ್ತಾ, ಸ್ವೀಟ್ ಜಾಸ್ತಿ ತಿಂದಿದ್ದಕ್ಕೆ ಬಂತಾ ಅಂತ ಕೇಳುತ್ತಾರೆ. ಉತ್ತರ ರೆಡಿ ಇಟ್ಟುಕೋ. ಅಂಟುವುದಿಲ್ಲ. ಸಿಹಿ ತಿಂದು ಬಂದಿದ್ದೂ ಅಲ್ಲ. ಇನ್ಸುಲಿನ್ ಮಾಡುವ ಜೀವಕೋಶಗಳನ್ನು ನಮ್ಮ ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ಹಾಳುಮಾಡಿದೆ, ಅದಕ್ಕೆ ಹೊರಗಿನಿಂದ ತಗೊಳ್ಳುತ್ತೇವೆ.

ಕ್ಲಾಸಿಗೆಲ್ಲಾ ಹೇಳುವ ಮುಂಚೆ ಒಬ್ಬಳಿಗೆ ಮಾತ್ರ ಪೂರ್ತಿ ಕಲಿಸು. ಅವಳಿಗೆ ಹೀಗೆ ಹೇಳು: ನಾನು ನಡುಗುತ್ತಿದ್ದರೆ, ಬೆವರುತ್ತಿದ್ದರೆ ಲೋ ಆಗಿದೆ, ಅಂದರೆ ಶುಗರ್ ತೀರಾ ಇಳಿದಿದೆ ಅಂತ ಅರ್ಥ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕೊಡು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿಸು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ತಕ್ಷಣ ಟೀಚರನ್ನು ಕರೆದು ಆಸ್ಪತ್ರೆಗೆ ಸೇರಿಸು. ಇಷ್ಟು ಸಾಕು.

ನನ್ನ ಪಕ್ಕದ ಬೆಂಚಿನವಳಿಗೆ ಅದು ಉಪಯೋಗಕ್ಕೆ ಬಂದಿದ್ದು ಖೋಖೋ ಆಡುವಾಗ. ನಾನು ಸಾಲಿನಲ್ಲಿ ಕೂತಿದ್ದೆ. ಬೆನ್ನು ತಟ್ಟಿ ಖೋ ಅಂದರೂ ಏಳಲಾಗಲಿಲ್ಲ. ಅವಳು ಆಟ ಬಿಟ್ಟು ಓಡಿ, ನನ್ನ ಬ್ಯಾಗಿನ ಮುಂದಿನ ಜೇಬಿನಿಂದ ಗ್ಲೂಕೋಸ್ ಪೊಟ್ಟಣ ತೆಗೆದು ಹಲ್ಲಲ್ಲೇ ಹರಿದಳು. ಅರ್ಧ ನನ್ನ ಯೂನಿಫಾರ್ಮ್ ಮೇಲೆ ಚೆಲ್ಲಿತು, ಅರ್ಧ ಬಾಯಿಗೆ ಬಿತ್ತು. ನನ್ನ ಕೈ ನಡುಕ ನಿಲ್ಲುವ ತನಕ ಅಲ್ಲೇ ಮಣ್ಣಲ್ಲಿ ಕೂತಿದ್ದಳು. ಅವತ್ತಿಂದ ನನಗೆ ಜಾಗ ಹಿಡಿದಿಡದೆ ಊಟಕ್ಕೆ ಕೂತವಳಲ್ಲ. ಪಾಪ ಅನ್ನುವ ಹತ್ತು ಜನರಿಗಿಂತ ಏನು ಮಾಡಬೇಕು ಅಂತ ಗೊತ್ತಿರುವ ಒಬ್ಬಳು ಮೇಲು ಅಂತ ಈಗಲೂ ನಂಬಿದ್ದೇನೆ.

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚಿದರೆ ಬೇಡ ಅನ್ನಬೇಡ, ತಗೊಂಡು ಇಟ್ಟುಕೋ. ಡಾಕ್ಟರ್ ಹೇಳಿಕೊಟ್ಟ ಲೆಕ್ಕದಲ್ಲಿ ಊಟದ ಜೊತೆ ತಿನ್ನು. ಆದರೆ ಲೋ ಆದಾಗ ಅದನ್ನು ನಂಬಿಕೊಳ್ಳಬೇಡ, ಕೊಬ್ಬು ಇರುವುದರಿಂದ ಶುಗರ್ ನಿಧಾನಕ್ಕೆ ಏರುತ್ತದೆ.

ಶುಗರ್ ಏರಿಳಿದಾಗ ಮನಸ್ಸೂ ಕೆಡುತ್ತದೆ. 60ಕ್ಕೆ ಇಳಿದರೆ ನನಗೆ ಸುಮ್ನೆ ಅಳು ಬರುತ್ತದೆ. 300 ದಾಟಿದರೆ ಯಾರ ಸಹವಾಸವೂ ಬೇಡ ಅನ್ನಿಸುತ್ತದೆ. ಗೆಳತಿ ಬೇಕಂತಲೇ ಮಾತಾಡಿಸಲಿಲ್ಲ ಅಂತ ಅನ್ನಿಸಿದಾಗ ಮೊದಲು ಬೆರಳು ಚುಚ್ಚಿ ನೋಡಿಕೋ. ಶುಗರ್ ಸರಿ ಇದ್ದೂ ಹಾಗೇ ಅನ್ನಿಸಿದರೆ ಹೋಗಿ ಅವಳನ್ನೇ ಕೇಳು.

ನವೆಂಬರ್ 14 ಮಕ್ಕಳ ದಿನಾಚರಣೆ ಮಾತ್ರವಲ್ಲ, ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ 1891ರಲ್ಲಿ ಹುಟ್ಟಿದ್ದು ಆ ದಿನ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿದ್ದು 14 ವರ್ಷದ ಹುಡುಗನಿಗೆ. ಹೆಚ್ಚುಕಮ್ಮಿ ನಿನ್ನದೇ ವಯಸ್ಸು! ಧೈರ್ಯ ಬಂದರೆ ಅವತ್ತಿನ ಪ್ರೋಗ್ರಾಮಿನಲ್ಲಿ ಇಷ್ಟನ್ನೇ ಎರಡು ನಿಮಿಷ ಹೇಳು.

ಎಲ್ಲರ ಹಾಗೆ ಇರಬೇಕು ಅಂತ ಇಂಜೆಕ್ಷನ್ ಮಾತ್ರ ಬಿಡಬೇಡ. ಟೈಪ್ 1ರಲ್ಲಿ ಇನ್ಸುಲಿನ್ ನಿಂತರೆ ಬೇಗನೆ ಜೀವಕ್ಕೆ ಅಪಾಯ ಆಗುತ್ತದೆ. ಬಿಡಬೇಕು ಅನ್ನಿಸಿದರೆ, ಇಲ್ಲಾ ವಾರಗಟ್ಟಲೆ ಬೇಜಾರು ಹೋಗದಿದ್ದರೆ ಅವತ್ತೇ ಅಮ್ಮನಿಗೆ ಹೇಳು. ಮನೆಯಲ್ಲಿ ಹೇಳಲು ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.