ಕಣ್ಣೊಳಗಿನ ಪ್ಲಾಸ್ಟಿಕ್‌ಗೆ ಹೆದರಬೇಡಿ

‘ಕೆರೆ, ಚರಂಡಿ, ಹಸುವಿನ ಹೊಟ್ಟೆ ಸೇರುವ ಪ್ಲಾಸ್ಟಿಕ್ ಬಗ್ಗೆ ಪುಟಗಟ್ಟಲೆ ಬರೆಯುವ ನೀವು, ಆಸ್ಪತ್ರೆಗಳು ಮನುಷ್ಯನ ಮೈಯೊಳಗೇ ಪ್ಲಾಸ್ಟಿಕ್ ಕೂರಿಸುತ್ತಿರುವಾಗ ಏಕೆ ಸುಮ್ಮನಿದ್ದೀರಿ? ಮುಂದಿನ ವಾರ ನನ್ನ ತಾಯಿಗೆ ಪೊರೆಯ ಆಪರೇಷನ್. ಲೆನ್ಸ್ ಪ್ಲಾಸ್ಟಿಕ್ಕಿನದು ಎಂದು ತಿಳಿದಾಗಿನಿಂದ ಅವರು ಬೇಡವೇ ಬೇಡ ಎನ್ನುತ್ತಿದ್ದಾರೆ.’ – ತಿಪಟೂರಿನ ಓದುಗರೊಬ್ಬರ ಪತ್ರ

ಪ್ರಿಯ ಓದುಗರೇ,

ಮೊದಲು ತಾಯಿಯವರಿಗೆ ಧೈರ್ಯ ಹೇಳಿ. ಯಾವ ಲೆನ್ಸ್ ಎಂಬುದನ್ನು ವೈದ್ಯರು ಕಣ್ಣು ಅಳೆದು ತೀರ್ಮಾನಿಸುತ್ತಾರೆ. ಆದರೆ ಪ್ಲಾಸ್ಟಿಕ್ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಬಿಡಬೇಡಿ.

ನನ್ನ ಅಜ್ಜಿಗೆ ಎಪ್ಪತ್ತರ ದಶಕದಲ್ಲಿ ನೇತ್ರ ಶಿಬಿರವೊಂದರಲ್ಲಿ ಪೊರೆ ತೆಗೆದರು. ಆಗ ಕಣ್ಣಿನ ಹಾಳಾದ ಸಹಜ ಲೆನ್ಸ್ ತೆಗೆದು ಆ ಜಾಗವನ್ನು ಖಾಲಿ ಬಿಡುತ್ತಿದ್ದರು. ಬದಲಿಗೆ ಸಿಗುತ್ತಿದ್ದುದು ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅಜ್ಜಿ ಕಾಫಿ ಲೋಟಕ್ಕೆ ಕೈ ಚಾಚಿದರೆ ಬೆರಳು ಲೋಟಕ್ಕಿಂತ ಒಂದು ಗೇಣು ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ರಾತ್ರಿ ಕನ್ನಡಕ ತೆಗೆದಿಟ್ಟರೆ ನಮ್ಮ ಮುಖವೂ ಗುರುತು ಸಿಗುತ್ತಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದೇ ನೀವು ಹೆದರುತ್ತಿರುವ ಪ್ಲಾಸ್ಟಿಕ್.

ಎರಡನೇ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಹೊದಿಕೆ ಸಿಡಿದು, ಅದರ ಚೂರುಗಳು ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಆ ಚೂರುಗಳನ್ನು ಸಹಿಸಿಕೊಂಡಿದ್ದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರಿನಲ್ಲಿ ಅದೇ ಜಾತಿಯ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಲೆನ್ಸನ್ನು ರೋಗಿಯೊಬ್ಬರ ಕಣ್ಣಿನೊಳಗೆ ಕೂರಿಸಿದರು. ಸಹವೈದ್ಯರು ವರ್ಷಗಟ್ಟಲೆ ಅವರನ್ನು ವಿರೋಧಿಸಿದರು. ಅವರದೂ ನಿಮ್ಮ ತಾಯಿಯದೇ ಅಂಜಿಕೆ. ಮಣ್ಣಿನಲ್ಲಿ ಕೊಳೆಯುವುದಿಲ್ಲವೆಂದು ನಾವು ಬೈಯುವ ಅದೇ ಗುಣದಿಂದ ಈ ವಸ್ತು ದಶಕಗಳ ಕಾಲ ಕಣ್ಣಿನ ದ್ರವದಲ್ಲಿ ಬದಲಾಗದೆ ಉಳಿಯುತ್ತದೆ. ಈಗ ಮೃದುವಾದ ಅಕ್ರಿಲಿಕ್ ಬಂದಿದೆ. ಆರು ಮಿಲಿಮೀಟರ್ ಅಗಲದ ಲೆನ್ಸನ್ನು ಮಡಚಿ, ಮೂರು ಮಿಲಿಮೀಟರಿಗೂ ಕಡಿಮೆ ಸೀಳಿನಲ್ಲಿ ಒಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಒಂದು ಕಾಲಕ್ಕೆ ಆಮದು ಲೆನ್ಸ್ ಬಡವರ ಕೈಗೆಟುಕುತ್ತಿರಲಿಲ್ಲ. 1992ರಲ್ಲಿ ತಮಿಳುನಾಡಿನ ಮದುರೈನಲ್ಲಿ ಆರಂಭವಾದ, ಲೆನ್ಸ್ ತಯಾರಿಸುವ ಅರೋಲ್ಯಾಬ್ ಸಂಸ್ಥೆ ಆ ಬೆಲೆಯನ್ನು ಇಳಿಸಿತು.

ಆಪರೇಷನ್ ಆಗಿ ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ ಕೆಲವರಿಗೆ ದೃಷ್ಟಿ ಮತ್ತೆ ಮಂಜಾಗುತ್ತದೆ, ‘ಪ್ಲಾಸ್ಟಿಕ್ ಕೆಟ್ಟುಹೋಯಿತು’ ಎನ್ನುತ್ತಾರೆ. ಹೆಚ್ಚಿನವರಲ್ಲಿ ಹೀಗೆ ಮಸುಕಾಗುವುದು ಲೆನ್ಸಿನ ಹಿಂದಿರುವ ನಮ್ಮದೇ ಕಣ್ಣಿನ ತೆಳುಪೊರೆ. ಲೇಸರಿನಿಂದ ಅದರಲ್ಲಿ ಕಿಂಡಿ ಮಾಡಿದರೆ ಸರಿಹೋಗುತ್ತದೆ.

ಹಾಗೆಂದು ನಿಮ್ಮ ಅನುಮಾನವನ್ನು ತಳ್ಳಿಹಾಕಲಾರೆ. ರಕ್ತದ ಚೀಲಗಳಲ್ಲಿ ಬಹುಪಾಲು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಅದನ್ನು ಮೆತ್ತಗೆ ಮಾಡಲು ಬಹುಕಾಲದಿಂದ ಬೆರೆಸುತ್ತಿರುವ ಡಿಇಎಚ್‌ಪಿ ಎಂಬ ರಾಸಾಯನಿಕ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ವಿಚಿತ್ರವೆಂದರೆ ಕೆಂಪು ರಕ್ತಕಣಗಳು ಒಡೆಯದಂತೆ ಕಾಯುವುದೂ ಅದೇ. ಅದನ್ನು ಬಿಡುವುದು ಇಷ್ಟು ತಡವಾಗಲು ಇದೂ ಒಂದು ಕಾರಣ. ದಿನಗಟ್ಟಲೆ ನಳಿಕೆಗಳ ನಡುವೆ ಮಲಗುವ ನವಜಾತ ಶಿಶುಗಳ ವಿಷಯದಲ್ಲಂತೂ ಈ ಆತಂಕ ನ್ಯಾಯವಾದದ್ದು.

ನನಗೆ ನಿಜವಾಗಿ ಸಿಟ್ಟು ಬರುವುದು ಬಳಸಿ ಎಸೆದದ್ದನ್ನು ನೋಡಿದಾಗ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಡ್ರಿಪ್ ನಳಿಕೆ, ಕೈಗವಸು, ಸೂಜಿ ತೆಗೆದ ಸಿರಿಂಜ್ ಕೆಂಪು ಚೀಲಕ್ಕೆ ಹೋಗಬೇಕು. ಸೂಜಿ ಹೋಗಬೇಕಾದ್ದು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ. ಕಳೆದ ತಿಂಗಳು ನಮ್ಮ ಬೀದಿಯ ಕಸದ ಗಾಡಿಯಲ್ಲಿ ಬಾಳೆಲೆ, ತೆಂಗಿನ ಚಿಪ್ಪಿನ ನಡುವೆ ಡ್ರಿಪ್ ನಳಿಕೆಯ ಸುರುಳಿ ಕಂಡೆ. ತುದಿಯಲ್ಲಿ ಸೂಜಿ ಹಾಗೆಯೇ ಇತ್ತು. ಪೌರಕಾರ್ಮಿಕ ಮಹಿಳೆ ಬರಿಗೈಯಲ್ಲಿ ಅದನ್ನು ಬೇರ್ಪಡಿಸುತ್ತಿದ್ದರು. ಇದರ ಬಗ್ಗೆ ನಮ್ಮ ಪತ್ರಿಕೆ ಸಾಕಷ್ಟು ಬರೆದಿಲ್ಲ ಎಂಬ ನಿಮ್ಮ ದೂರನ್ನು ಒಪ್ಪುತ್ತೇನೆ. ಬರೆಯುತ್ತೇವೆ.

ಆಪರೇಷನ್ ಮುಗಿದ ಮೇಲೆ ಲೆನ್ಸಿನ ತಯಾರಕರು, ಪವರ್, ಕ್ರಮಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ತಾಯಿಯವರ ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

– ಸಂಪಾದಕ