ಕ್ಯಾನ್ಸರ್ ಮಾಹಿತಿ: ಯಾವುದನ್ನು ನಂಬಬಹುದು?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಮಣಿಪಾಲದಲ್ಲಿ ಚಿಕಿತ್ಸೆ ಶುರುವಾಗಿದೆ. ಲಕ್ಷ್ಮಣಫಲದ ಎಲೆಯ ಕಷಾಯವೇ ಸಾಕೆಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದೆ. ಇಂಟರ್ನೆಟ್‌ನಲ್ಲಿ ಯಾವುದನ್ನು ನಂಬಲಿ?
– ಓದುಗರು, ಕಾಪು

ಉತ್ತರ: ಆ ಕಷಾಯದಿಂದ ಮನುಷ್ಯರಲ್ಲಿ ಕ್ಯಾನ್ಸರ್ ಗುಣವಾದದ್ದಕ್ಕೆ ಪುರಾವೆಯಿಲ್ಲ. ಲ್ಯಾಬಿನಲ್ಲಿ ಜೀವಕೋಶಗಳ ಮೇಲೆ ಮಾಡಿದ ಪ್ರಯೋಗವನ್ನೇ ಉಬ್ಬಿಸಿ ಹರಡುತ್ತಾರೆ. ಕುಡಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಹುಡುಕುವ ಮೊದಲು ಬಯಾಪ್ಸಿ ವರದಿ ಎದುರಿಗಿಟ್ಟುಕೊಳ್ಳಿ, ರೋಗದ ಹಂತವನ್ನು ವೈದ್ಯರಿಂದ ಕೇಳಿಕೊಳ್ಳಿ. ಹಂತ, ಇಆರ್ ಮತ್ತು ಪಿಆರ್ (ಗೆಡ್ಡೆಯಲ್ಲಿನ ಹಾರ್ಮೋನ್ ಗ್ರಾಹಕಗಳು), ಹರ್-2 (ಗೆಡ್ಡೆಯ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನ್) ಗೊತ್ತಿಲ್ಲದೆ ಓದಿದರೆ ಬೇರೆ ಬಗೆಯ ರೋಗದ ವಿವರ ನೋಡಿ ಸುಮ್ಮನೆ ಹೆದರುತ್ತೀರಿ. ಹರ್-2 ಮುಂದೆ ‘2+’ ಎಂದಿದ್ದರೆ ಅದು ಅಂತಿಮವಲ್ಲ, ಸಾಮಾನ್ಯವಾಗಿ ಫಿಶ್ ಎಂಬ ಜೀನ್ ಪರೀಕ್ಷೆ ಆಗಬೇಕು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪಿಡಿಕ್ಯೂ ಎಂಬ ಕ್ಯಾನ್ಸರ್ ಮಾಹಿತಿ ಪುಟಗಳಲ್ಲಿ ರೋಗಿಗಳ ಆವೃತ್ತಿ ಬೇರೆಯೇ ಇದೆ; ಅದನ್ನೇ ಮೊದಲು ಓದಿ, ಪರಿಷ್ಕರಿಸಿದ ದಿನಾಂಕ ನೋಡಿ. ನಮ್ಮಲ್ಲಿನ ಚಿಕಿತ್ಸಾ ಕ್ರಮಕ್ಕೆ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಮಾರ್ಗಸೂಚಿ ಹೆಚ್ಚು ಹತ್ತಿರ.

ಕೀಮೋ ನಡುವೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಫೋನಿನಲ್ಲಿ ಹುಡುಕುತ್ತಾ ಕೂರಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.